ತೇಲೋ ಸೇತುವೆ ನಮ್ಮ ಗಡ್ಡಿಗೆ ಆಗ್ತದೇನ್ರಿ? ಲಿಂಗಸುಗೂರು ಕಡೆಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ಸರ್ ನಮಸ್ಕಾರ್ರಿ. ನಮ್ಮದು ಲಿಂಗಸುಗೂರು ತಾಲೂಕಿನ್ಯಾಗ ಕೃಷ್ಣಾ ಹೊಳಿ ನಡುವಿನ ಒಂದು ಸಣ್ಣ ಗಡ್ಡಿ. ಹದಿನೆಂಟು ಮನಿ ಅದಾವ, ಹೊಲ ಎಲ್ಲಾ ಇಲ್ಲೇ. ಬ್ಯಾಸಗ್ಯಾಗ ಕಲ್ಲಿನ ಮ್ಯಾಲೆ ಹಾದು ದಾಟ್ತೀವಿ, ಉಳಿದ ದಿನ ತೆಪ್ಪ, ಮಳಿಗಾಲದಾಗ ನಾರಾಯಣಪುರ ಡ್ಯಾಮಿಂದ ನೀರು ಬಿಟ್ರ ಒಮ್ಮೊಮ್ಮೆ ಹದಿನೈದು ದಿನ ಹೊರಗ ಬರಾಕ ಆಗಂಗಿಲ್ಲ. ಹೋದ ವರ್ಷ ನಮ್ಮ ಅತ್ತಿಗಿಗೆ ಬ್ಯಾನಿ ಶುರು ಆದಾಗ ರಾತ್ರಿ ತೆಪ್ಪದಾಗ ಕರ್ಕೊಂಡು ಹೋದ್ವಿ, ದೇವ್ರು ದೊಡ್ಡಾವ, ಇಬ್ಬರೂ ಉಳದ್ರು. ಮೊಬೈಲ್‌ನ್ಯಾಗ ಒಂದು ವಿಡಿಯೋ ನೋಡಿದ್ವಿ, ಬಣ್ಣ ಬಣ್ಣದ ಮನಿಗಳ ಮುಂದ ಸೇತುವೆ ನೀರಿನ ಮ್ಯಾಲೆ ತೇಲ್ತದ, ಹಡಗ ಬಂದ್ರ ಬಾಗಲಾ ತೆಗದಂಗ ಇಡೀ ಸೇತುವೆನ ಪಕ್ಕಕ್ಕ ಸರೀತದ. ನೀರು ಏರಿದ್ರ ಸೇತುವೆನೂ ಏರ್ತದ, ಮುಳುಗೋ ಮಾತೇ ಇಲ್ಲ ಅಂತ ನಮ್ಮ ದೊಡ್ಡಪ್ಪ ಅಂತಾರ. ಈಗ ಒಬ್ಬ ಏಜೆಂಟ್ ಬಂದಾನ, ಪ್ಲಾಸ್ಟಿಕ್ ಬಾಕ್ಸ್ ಜೋಡಿಸಿ ಸೇತುವೆ ಮಾಡಿಕೊಡ್ತೀನಿ, ಮನಿಗಿಷ್ಟು ಅಂತ ಹಾಕ್ರಿ, ಅರ್ಧ ರೊಕ್ಕ ಮುಂಗಡ ಅಂತಾನ. ಕೊಡಬಹುದೇನ್ರಿ?

ಉತ್ತರ:

ಮೊದಲ ಮಾತು ಮೊದಲೇ ಹೇಳಿಬಿಡ್ತೀನಿ, ಮುಂಗಡ ಕೊಡಬ್ಯಾಡ್ರಿ. ಇದನ್ನ ಪೂರ್ತಿ ಓದೋತನಕ ಆದ್ರೂ ಬ್ಯಾಡ.

ನಿಮ್ಮ ಅತ್ತಿಗಿ ಸುದ್ದಿ ಓದಿ ಒಂದ್ಸಲ ಸುಮ್ಮನ ಕುಂತೆ. ನಾನು ಸಿಂಧನೂರ ಕಡೆಯವ, ಸೇನೆಯ ಎಂಜಿನಿಯರ್ ದಳದಾಗ ಇಪ್ಪತ್ತು ವರ್ಷದ ಮ್ಯಾಲೆ ಸೇತುವೆ ಕಟ್ಟೋದು, ಬಿಚ್ಚೋದು ಇದೇ ಕೆಲಸ ಮಾಡೀನಿ, ಅದರಾಗ ಬಾಳಷ್ಟು ತೇಲೋ ಸೇತುವೆನೇ. ಹಂಗಾಗಿ ಆ ಸೇತುವೆ ಮ್ಯಾಲೆ ನನಗ ಪ್ರೀತಿ ಅದ, ಅದು ಎಲ್ಲಿ ಕೈ ಕೊಡ್ತದ ಅನ್ನೋದೂ ಗೊತ್ತದ. ನಿಮ್ಮ ಚಿಂತಿ ನಾ ತಿಳ್ಕೊಂಡಂಗ ಇಷ್ಟು: ಮಳಿಗಾಲದಾಗ ಹೊಳಿ ತುಂಬಿ ಬಂದಾಗ ಹೊರಗ ಹೋಗಾಕ ದಾರಿ ಬೇಕು, ಆ ದಾರಿ ಈ ತೇಲೋ ಸೇತುವೆ ಆಗ್ತದೋ ಇಲ್ಲೋ.

ಮೊದಲು ನೀವು ನೋಡಿದ ವಿಡಿಯೋ. ನೀವು ಹೇಳಿದ ಗುರುತಿನ ಮ್ಯಾಲೆ ಅದು ಕ್ಯಾರಿಬಿಯನ್ ಸಮುದ್ರದ ಕುರಾಸಾವೊ ಅನ್ನೋ ದ್ವೀಪದ ವಿಲೆಮ್‌ಸ್ಟಾಡ್ ಊರಿನ ಕ್ವೀನ್ ಎಮ್ಮಾ ಸೇತುವೆನೇ ಇರಬೇಕು, 1888ರಾಗ ಕಟ್ಟಿದ್ದು. ಒಂದು ತುದಿ ದಂಡಿಗೆ ಬಾಗಲದ ತಿರುಗಣಿ ಇದ್ದಂಗ ಸಿಕ್ಕಿಸ್ಯಾರ, ಇನ್ನೊಂದು ತುದಿಯಾಗ ಡೀಸೆಲ್ ಎಂಜಿನ್ ಕುಂತದ, ಹಡಗ ಬಂದ್ರ ಗಂಟಿ ಬಾರಿಸಿ ಎಂಜಿನ್ ಶುರು ಮಾಡ್ತಾರ, ಇಡೀ ಸೇತುವೆ ತಿರುಗಿ ದಂಡಿಗೆ ಹೊಂದಿಕೊಂಡು ನಿಲ್ತದ, ಮ್ಯಾಲಿದ್ದ ಮಂದಿ ಹಂಗೇ ನಿಂತಿರ್ತಾರ. ನೋಡಾಕ ಚಂದ ಅದ. ಆದ್ರ ಅದು ಬಂದರಿನ ಬಾಯಿ, ಹೊಳಿ ಅಲ್ಲ. ಅಲ್ಲಿ ಸಮುದ್ರದ ಏರಿಳಿತ ಬಾಳ ಕಮ್ಮಿ, ಡ್ಯಾಮಿನ ಗೇಟ್ ತೆಗದು ಯಾರೂ ಲಕ್ಷಗಟ್ಟಲೆ ಕ್ಯೂಸೆಕ್ ಬಿಡಂಗಿಲ್ಲ.

ಅದು ಒಂದೇ ಊರಿನ ಎರಡು ದಂಡಿ ಕೂಡಿಸೋದು. ಗಡ್ಡಿಯಿಂದ ದಂಡಿಗೆ ಹಾಕಿದ್ದು ನೋಡಬೇಕಂದ್ರ ಅಮೆರಿಕಾದ ಸಿಯಾಟಲ್‌ಗೆ ಹೋಗ್ಬೇಕು. ಅಲ್ಲಿ ಲೇಕ್ ವಾಷಿಂಗ್ಟನ್ ಅನ್ನೋ ದೊಡ್ಡ ಕೆರಿ, ಅದರ ನಡುವ ಮರ್ಸರ್ ಐಲ್ಯಾಂಡ್. 1940ರಾಗ ಸಿಯಾಟಲ್‌ನಿಂದ ಆ ದ್ವೀಪಕ್ಕ ಕಾಂಕ್ರೀಟಿನ ಪೊಳ್ಳು ಪೆಟ್ಟಿಗಿ ತೇಲಿಬಿಟ್ಟು ಅದರ ಮ್ಯಾಲೆ ಕಾರು ಲಾರಿ ಓಡೋ ರಸ್ತೆನೇ ಮಾಡಿದ್ರು, ನಡುವ ಒಂದು ತುಂಡು ಹಿಂದಕ್ಕ ಸರಿದು ಹಡಗಕ್ಕ ದಾರಿ ಬಿಡ್ತಿತ್ತು (ಆ ಸರಿಯೋ ಭಾಗ 1981ರಾಗ ತೆಗದ್ರು). ಕಾಂಕ್ರೀಟ್ ತೇಲ್ತದೇನು ಅಂತ ಕೇಳಬ್ಯಾಡ್ರಿ, ಪೊಳ್ಳು ಇದ್ರ ಕಬ್ಬಿಣನೂ ತೇಲ್ತದ, ಹಡಗ ಮತ್ತೇನು.

ಅವರು ಯಾಕ ತೇಲಿಸಿದ್ರು ಅನ್ನೋದು ಇಲ್ಲಿ ಮುಖ್ಯ. ಆ ಕೆರಿ ಅರವತ್ತು ಮೀಟರ್ ಆಳ, ತಳದಾಗ ಮೆತ್ತನ ರಾಡಿ, ಕಂಬ ಎಬ್ಬಿಸೋದು ಅವರಿಗೆ ಭಾರೀ ಕಷ್ಟ. ಮತ್ತ ಕೆರಿಯಾಗ ಸೆಳವು ಇಲ್ಲ, ನೀರಿನ ಮಟ್ಟ ಬಾಗಲ ಹಾಕಿ ಹಿಡದಾರ, ಇಡೀ ವರ್ಷಕ್ಕ ಏರಿಳಿಯೋದು ಎರಡೇ ಫೂಟು. ನಿಮ್ಮಲ್ಲಿ ಇದು ಪೂರ್ತಿ ತಿರುವು ಮುರುವು. ಬ್ಯಾಸಗ್ಯಾಗ ನೀವೇ ಕಲ್ಲಿನ ಮ್ಯಾಲೆ ನಡದು ದಾಟ್ತೀರಿ, ಅಂದ್ರ ಆಳ ಇಲ್ಲ, ತಳದಾಗ ಗಟ್ಟಿ ಕಲ್ಲು. ಆದ್ರ ಮಳಿಗಾಲದಾಗ ನೀರು ಆಳಿಗಿಂತ ಎಷ್ಟೋ ಎತ್ತರ ಏರ್ತದ, ಸೆಳವು ಕಾಲು ನಿಲ್ಲಗೊಡಂಗಿಲ್ಲ. ಆಳ ಇದ್ದು ಶಾಂತ ಇರೋ ನೀರಿಗೆ ತೇಲೋ ಸೇತುವೆ ಮದ್ದು. ನಿಮ್ಮ ಹೊಳಿ ರೋಗ ಬ್ಯಾರೆ.

ಈಗ ನಿಮ್ಮ ದೊಡ್ಡಪ್ಪ ಹೇಳಿದ ಮಾತಿಗೆ ಬರ್ತೀನಿ. ನೀರು ಏರಿದ್ರ ಸೇತುವೆನೂ ಏರ್ತದ ಅನ್ನೋದು ಅರ್ಧ ಖರೆ. ಏರ್ತದ. ಆದ್ರ ತೇಲೋ ಸೇತುವೆನ ಕೊಲ್ಲೋದು ನೀರಿನ ಎತ್ತರ ಅಲ್ರಿ, ನೀರಿನ ಓಟ. ಓಟ ಎರಡು ಪಟ್ಟಾದ್ರ ದಬ್ಬೋ ಬಲ ನಾಕು ಪಟ್ಟು ಆಗ್ತದ, ನಾಕು ಪಟ್ಟಾದ್ರ ಹದಿನಾರು ಪಟ್ಟು. ಲೆಕ್ಕ ಹಾಕಿ ತೋರಸ್ತೀನಿ. ನೀರು ಸೆಕೆಂಡಿಗೆ ಒಂದು ಮೀಟರ್ ಹರಿತಿದ್ರ, ಅಂದ್ರ ಮನಷಾ ಆರಾಮ ನಡಿಯೋ ವೇಗ, ಎದುರಿಗೆ ನಿಂತ ಒಂದು ಚದರ ಮೀಟರ್ ಹಲಗಿಗೆ ಅಂದಾಜು 50 ಕೆಜಿ ದಬ್ಬತದ. ಅದೇ ನೀರು ಸೆಕೆಂಡಿಗೆ ನಾಕು ಮೀಟರ್ ಆದ್ರ 800 ಕೆಜಿ. ಸೇತುವೆ 150 ಮೀಟರ್ ಉದ್ದ, ನೀರೊಳಗ ಅರ್ಧ ಮೀಟರ್ ಮುಳುಗಿ ನಿಂತದ ಅಂತ ಇಟ್ಕೊಳ್ರಿ. ಸೇತುವೆ ಹೊತ್ತು ತೇಲೋ ಪೀಪಾಯಿ ನಡುವ ಸಂದು ಇದ್ರ ನೀರು ಹಾದು ಹೋಗ್ತದ ಅಂತೀರಿ, ಹೋಗ್ತದ, ಆದ್ರ ಹೊಸ ನೀರಿನ ಕೂಡ ಬರೋ ಜಾಲಿಗಿಡ, ಕಬ್ಬಿನ ಸೋಗಿ, ಬುಡ ಸಮೇತ ಕಿತ್ತ ಮರ ಎಲ್ಲಾ ಬಂದು ಆ ಸಂದಿನ್ಯಾಗ ಸಿಕ್ಕೊಂಡ್ರ ಒಂದು ತಾಸಿನ್ಯಾಗ ಸಂದು ಮುಚ್ಚಿ ಗ್ವಾಡಿ ಆಗ್ತದ. ಆವಾಗ ಆ 150 ಮೀಟರ್ ಗ್ವಾಡಿಗೆ ಬೀಳೋ ಬಲ 60 ಟನ್. ಹಗ್ಗ, ಗೂಟ, ಲಂಗರು ಎಲ್ಲಾ ಸೇರಿ ಆ 60 ಟನ್ ಹಿಡಿಬೇಕು, ಒಂದು ಹಗ್ಗ ಹೋದ್ರ ಅದರ ಭಾರ ಪಕ್ಕದ ಹಗ್ಗಕ್ಕ ಬೀಳ್ತದ, ಅದೂ ಹೋಗ್ತದ, ಆಮ್ಯಾಲೆ ಸರಸರ ಅಂತ ಎಲ್ಲಾ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಉತ್ತರದ ಕಡೆ ಒಂದು ಹೊಳ್ಯಾಗ ನಮ್ಮ ತಂಡದ ಕೈಯಾಗಿದ್ದ ಸೇತುವೆ ಬಿಚ್ಚಬೇಕು ಅಂತ ಗೊತ್ತಿದ್ದೂ, ಇನ್ನೊಂದು ಸಾಲು ಗಾಡಿ ದಾಟಲಿ ಅಂತ ಎರಡು ತಾಸು ತಡಾ ಮಾಡಿದ್ವಿ. ಮ್ಯಾಲಿನಿಂದ ಒಂದು ದೊಡ್ಡ ಮರ ಅಡ್ಡ ಬಂದು ಕುಂತಿತು, ಅದರ ಹಿಂದ ಕಸಾ, ಉಕ್ಕಿನ ಹಗ್ಗ ಹರಿಯೋ ಮುಂಚೆ ಒಂಥರಾ ಸಣ್ಣ ಧ್ವನಿ ಮಾಡ್ತದ, ಅದು ಇವತ್ತಿಗೂ ನನ್ನ ಕಿವಿಯಾಗ ಅದ. ನಾಕು ಪೀಪಾಯಿ ಕಣ್ಮುಂದ ಹೋದವು. ಹರಿದ ಹಗ್ಗದ ತುದಿ ಒಬ್ಬ ಹುಡುಗನ ತೊಡಿಗೆ ಬಡದು ಎಲುಬು ಮುರೀತು. ಮ್ಯಾಲೆ ಯಾರೂ ಇರಲಿಲ್ಲ ಅನ್ನೋದೊಂದೇ ಪುಣ್ಯ.

ಹಂಗಂದ್ರ ನಮ್ಮ ದೇಶದಾಗ ತೇಲೋ ಸೇತುವೆ ನಡಿಯಂಗೇ ಇಲ್ಲೇನು? ಚಲೋ ನಡೀತದ, ಯಾವಾಗ ಅನ್ನೋದು ತಿಳ್ಕೋಬೇಕು. ಕೋಲ್ಕತ್ತಾದ ಹೌರಾ ಸೇತುವೆ ಹೆಸರು ಕೇಳೀರಿ, ಈಗಿನ ಉಕ್ಕಿನ ಸೇತುವೆ 1943ರಾಗ ಬರೋಕಿಂತ ಮುಂಚೆ 1874ರಿಂದ ಅಲ್ಲಿದ್ದದ್ದು ತೇಲೋ ಸೇತುವೆನೇ, 1528 ಫೂಟು ಉದ್ದ, ನಡುವಿನ 200 ಫೂಟು ಭಾಗ ಬಿಚ್ಚಿ ಹಡಗ ಬಿಡ್ತಿದ್ರು. ಅದು ಮುಗಿಯೋಕಿಂತ ಮೊದಲೇ ಒಂದು ಚಂಡಮಾರುತದಾಗ ಲಂಗರು ಹರಕೊಂಡು ಬಂದ ಹಡಗ ಡಿಕ್ಕಿ ಹೊಡದು ಪೀಪಾಯಿ ಮುಳುಗಿಸಿತ್ತು, ಮತ್ತ ರಿಪೇರಿ ಮಾಡಿದ್ರು. ಈಗ 2025ರ ಪ್ರಯಾಗರಾಜ್ ಕುಂಭಮೇಳದಾಗ 30 ಪೀಪಾಯಿ ಸೇತುವೆ ಹಾಕಿದ್ರು, ನಮ್ಮ ಕಡೆಯಿಂದ ಹೋದವ್ರು ನೋಡಿ ಬಂದಿರ್ತಾರ. ನಿಮ್ಮ ಪರಿಸ್ಥಿತಿಗೆ ಬಾಳ ಹತ್ರದ್ದು ಅಂದ್ರ ಬಿಹಾರದ ರಾಘೋಪುರ, ಗಂಗಾ ನದಿ ನಡುವಿನ ಗಡ್ಡಿ, ಅಲ್ಲಿ ಅದಕ್ಕ ದಿಯಾರಾ ಅಂತಾರ. ವರ್ಷಾನುಗಟ್ಟಲೆ ಆ ಮಂದಿ ಪಾಟ್ನಾಕ್ಕ ಬರ್ತಿದ್ದದ್ದು ಪೀಪಾಯಿ ಸೇತುವೆ ಮ್ಯಾಲೆ. ಆದ್ರ ಜೂನ್ ಬಂತಂದ್ರ ಅದನ್ನ ಬಿಚ್ಚಿ ದಂಡಿಗೆ ಹಾಕ್ತಿದ್ರು, ಹೊಳಿ ಇಳಿದ ಮ್ಯಾಲೆ ಚಳಿಗಾಲಕ್ಕ ಮತ್ತ ಜೋಡಸ್ತಿದ್ರು, ಮಳಿಗಾಲದಾಗ ಅವರಿಗೂ ನಿಮ್ಮಂಗ ನಾವೆನೇ ಗತಿ. 2025ರ ಜೂನ್‌ನ್ಯಾಗ ಕಚ್ಚಿ ದರ್ಗಾದಿಂದ ರಾಘೋಪುರಕ್ಕ ಕಂಬದ ದೊಡ್ಡ ಸೇತುವೆ ಶುರು ಆತು, ಆಮ್ಯಾಲೆ ಅವರಿಗೆ ಹನ್ನೆರಡು ತಿಂಗಳ ದಾರಿ ಸಿಕ್ತು.

ನೋಡ್ರಿ, ಪೀಪಾಯಿ ಸೇತುವೆ ಬಗ್ಗೆ ನಾಕು ಮಂದಿ ನಾಕು ತರ ಹೇಳ್ಬಹುದು, ಆದ್ರ ತುಂಬು ಮಳಿಗಾಲದಾಗ ಹೊಳಿಗೆ ಅಡ್ಡ ಹಾಕೇ ಇಡ್ರಿ ಅಂತ ಕೆಲಸ ಬಲ್ಲವ ಯಾವನೂ ಹೇಳಂಗಿಲ್ಲ. ನಿಮಗ ಯಾವ ನಾಕು ತಿಂಗಳು ಸೇತುವೆ ಬೇಕೇ ಬೇಕೋ, ಅದೇ ನಾಕು ತಿಂಗಳು ಅದು ದಂಡಿ ಮ್ಯಾಲೆ ಮಲಗಿರ್ತದ. ಇದು ಕೇಳಾಕ ಕಹಿ, ಆದ್ರೂ ಏಜೆಂಟ್ ಇದನ್ನ ನಿಮಗ ಹೇಳಿರಂಗಿಲ್ಲ.

ಹಂಗಾರ ಆ ಸರಿಯೋ ಗುಣ ನಮಗ ಉಪಯೋಗಕ್ಕ ಬರಂಗಿಲ್ಲೇನು? ಬರ್ತದ, ಹಡಗಕ್ಕ ಅಲ್ಲ, ಸೇತುವೆ ಉಳಿಸಾಕ. ಅಮೆರಿಕಾದಾಗಿನ ಹುಡ್ ಕೆನಾಲ್ ತೇಲೋ ಸೇತುವೆಗೆ ನಡುವ ಸರಿಯೋ ಭಾಗ ಅದ, ಜೋರು ಗಾಳಿ, ತಾಸಿಗೆ 40 ಮೈಲಿ ಗಾಳಿ ಕಾಲು ತಾಸು ಬಿಡದೆ ಬೀಸಿದ್ರ ಹಡಗ ಇಲ್ಲಾಂದ್ರೂ ಅದನ್ನ ತೆಗದು ಬಿಡ್ತಾರ, ಸೇತುವೆ ಮ್ಯಾಲಿನ ಒತ್ತಡ ಇಳಿಲಿ ಅಂತ. 1979ರ ಫೆಬ್ರುವರಿಯಾಗ ಹಂಗ ತೆಗದಿದ್ರೂ ಬಿರುಗಾಳಿಗೆ ಅದರ ಪಶ್ಚಿಮದ ಅರ್ಧ ಮುಳುಗೇ ಹೋತು, ಪೆಟ್ಟಿಗಿ ಮುಚ್ಚಳ ಕಿತ್ತು ಒಳಗ ನೀರು ಹೊಕ್ಕಿತ್ತು ಅಂತ ತಿಳೀತು, ಮತ್ತ ಕಟ್ಟಿ ತೆರಿಯಾಕ 1982 ಆತು. ಮರ್ಸರ್ ಐಲ್ಯಾಂಡ್ ಸೇತುವೆನೂ ಅಷ್ಟೇ, 1990ರ ನವೆಂಬರ್‌ನ್ಯಾಗ ರಿಪೇರಿ ನಡದಾಗ ಪೆಟ್ಟಿಗಿ ಬಾಯಿ ತೆರದಿಟ್ಟಿದ್ರು, ಮಳಿ ಬಿರುಗಾಳಿ ನೀರು ತುಂಬಿ ಒಂದು ದೊಡ್ಡ ಭಾಗ ಕೆರಿ ತಳಕ್ಕ ಹೋತು. ಅಷ್ಟು ರೊಕ್ಕ, ಅಷ್ಟು ಎಂಜಿನಿಯರುಗಳಿದ್ದ ದೇಶದಾಗ ಮುಚ್ಚಳದ ಸಲುವಾಗಿ ಸೇತುವೆ ಮುಳುಗ್ಯಾವ. ನಿಮ್ಮೂರಾಗ ದಿನಾ ಪೀಪಾಯಿ ಮುಚ್ಚಳ ನೋಡೋರು ಯಾರು, ಅವರಿಗೆ ಪಗಾರ ಕೊಡೋರು ಯಾರು ಅನ್ನೋ ಪ್ರಶ್ನೆ ಉಕ್ಕಿನ ದರಕ್ಕಿಂತ ದೊಡ್ಡದು.

ಹೊಳ್ಯಾಗ ಸರಿಸೋ ರೀತಿ ಹಿಂಗ. ಗಡ್ಡಿ ಕಡೆ ತುದಿ ಬಿಚ್ಚಿದ್ರ ಸೆಳವೇ ಸೇತುವೆನ ತಿರುಗಿಸಿ ಈಚಿ ದಂಡಿಗೆ ತಂದು ಮಲಗಸ್ತದ, ಎಂಜಿನ್ ಬ್ಯಾಡ, ಹಿಡಿಯೋ ಹಗ್ಗ ಮಾತ್ರ ಗಟ್ಟಿ ಇರಬೇಕು. ಆದ್ರ ಇದನ್ನ ನೀರು ನಿಧಾನ ಇದ್ದಾಗಲೇ ಮಾಡಬೇಕು, ಜೋರಾದ ಮ್ಯಾಲೆ ಯಾರ ಕೈಯಾಗೂ ಹಿಡಿಯಾಕ ಆಗಂಗಿಲ್ಲ. ನಿಮ್ಮಲ್ಲಿ ಮಳಿ ಇರಂಗಿಲ್ಲ, ಬಿಸಲೇ ಇರ್ತದ, ಮಹಾಬಳೇಶ್ವರದಾಗ, ಕೊಯ್ನಾ ಕಡೆ ಬಿದ್ದ ಮಳಿ ಆಲಮಟ್ಟಿ, ನಾರಾಯಣಪುರ ದಾಟಿ ನಿಮ್ಮ ಬಾಗಲಿಗೆ ಬರ್ತದ, ಡ್ಯಾಮಿನ ಗೇಟ್ ಏರಿದ ಮ್ಯಾಲೆ ನಿಮ್ಮ ಕೈಯಾಗ ಇರೋದು ಕೆಲವೇ ತಾಸು. ಮುನ್ಸೂಚನೆ ಬರ್ತದ ಅಂತ ಪೂರ್ತಿ ನಂಬಾಕೂ ಬರಂಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿ ಹೋತಲ್ಲ, ಅದಕ್ಕ ಯಾರು ಡಂಗುರ ಹೊಡದಿದ್ರು?

ಇನ್ನ ಕಲ್ಲು. ತೇಲೋ ಸೇತುವೆ ಬ್ಯಾಸಗ್ಯಾಗ ನೀರು ಇಳಿದ್ರ ತಳಕ್ಕ ಕುಂದರ್ತದ. ಮಳಲು ಇದ್ರ ಚಿಂತಿ ಇಲ್ಲ, ಜಲದುರ್ಗದ ಸುತ್ತ ನಿಮ್ಮ ಕಡೆ ಇರೋದು ಮೊನಚು ಕಲ್ಲು, ಒಂದು ಪೀಪಾಯಿ ಕಲ್ಲಿನ ಮ್ಯಾಲೆ ಒಂದು ತಗ್ಗಿನ್ಯಾಗ ಕುಂತ್ರ ಮ್ಯಾಲಿನ ಹಲಗಿ ಡೊಂಕಾಗ್ತದ, ಕೆಳಗ ತೂತು ಬೀಳ್ತದ. ಲಂಗರೂ ಕಲ್ಲಿನ್ಯಾಗ ಕಚ್ಚಂಗಿಲ್ಲ, ಡ್ರಿಲ್ ಹೊಡದು ಬೋಲ್ಟ್ ಹಾಕಬೇಕು. ಮತ್ತ ದಂಡಿಯಿಂದ ಸೇತುವೆಗೆ ಇಳಿಯೋ ಇಳಿಜಾರು. ನೀರಿನ ಮಟ್ಟ ಆರು ಮೀಟರ್ ಏರಿಳಿದ್ರ, ಹತ್ತಕ್ಕ ಒಂದು ಅನ್ನೋ ಇಳಿಜಾರಿಗೆ ಅರವತ್ತು ಮೀಟರ್ ಉದ್ದದ ತಿರುಗಣಿ ಹಲಗಿ ಬೇಕು. ಅದಕ್ಕಿಂತ ಕಡಿದಾದ್ರ ಸೈಕಲ್ ಮೋಟಾರು ಜಾರ್ತದ, ಎತ್ತು ಹತ್ತಂಗಿಲ್ಲ.

ಏಜೆಂಟ್ ಹೇಳೋ ಪ್ಲಾಸ್ಟಿಕ್ ಬಾಕ್ಸ್ ಬಗ್ಗೆ. ಅದು ಕೆಟ್ಟ ಸಾಮಾನಲ್ಲ, ಕೆರಿಯಾಗ ದೋಣಿ ಹತ್ತೋ ಕಟ್ಟಿ ಮಾಡಾಕ ಚಲೋ. ಒಂದು ಚದರ ಮೀಟರ್‌ಗೆ 350 ಕೆಜಿ ಹತ್ರ ಹೊರ್ತದ, ಅಂದ್ರ ಮನಷಾರಿಗೆ ಸಾಕು, ಟ್ರ್ಯಾಕ್ಟರಿಗೆ ಸಾಲದು. 2022ರ ಮೇ ತಿಂಗಳಾಗ ಉಡುಪಿಯ ಮಲ್ಪೆ ಬೀಚಿನ್ಯಾಗ ಇಂಥದ್ದೇ ತೇಲೋ ಸೇತುವೆ ಪ್ರವಾಸಿಗರಿಗಂತ ಹಾಕಿದ್ರು, ಕೆಲವೇ ದಿನದಾಗ ಸಮುದ್ರದ ತೆರಿಗೆ ತುಂಡು ತುಂಡಾತು. ಇನ್ನ ನಾವೇ ಡ್ರಮ್ಮು ಕಟ್ಟಿ ಮಾಡ್ತೀವಿ ಅಂದ್ರ ಅದರದೂ ಲೆಕ್ಕ ಕೇಳ್ರಿ: 200 ಲೀಟರಿನ ಕಬ್ಬಿಣದ ಡ್ರಮ್ಮು ಪೂರ್ತಿ ಮುಳುಗೋ ಮುಂಚೆ ಹೊರೋದು 180 ಕೆಜಿ ಹತ್ರ, ಸುರಕ್ಷಿತ ಅಂದ್ರ ಅದರ ಅರ್ಧ. ಎಂಟು ಟನ್ನಿನ ಟ್ರ್ಯಾಕ್ಟರ್ ಟ್ರಾಲಿ ನಿಂತ ಜಾಗದ ಕೆಳಗನ ತೊಂಬತ್ತು ಡ್ರಮ್ಮು ಬೇಕು, ಅದೂ ಭಾರ ನಟ್ಟ ನಡುವ ಬಿದ್ರ. ಒಂದು ಗಾಲಿ ಅಂಚಿಗೆ ಹೋದ್ರ ಮಗುಚ್ತದ. ಏಜೆಂಟ್‌ನ ಎದುರು ಕುಂದ್ರಿಸಿ ಮೂರು ಮಾತು ಕೇಳ್ರಿ, ಎಷ್ಟು ಓಟದ ನೀರಿಗೆ ಇದು ನಿಲ್ತದ, ಲಂಗರಿನ ಲೆಕ್ಕಕ್ಕ ಸಹಿ ಹಾಕಿದ ಎಂಜಿನಿಯರ್ ಯಾರು, ಮಂದಿ ಮುಳುಗಿದ್ರ ಹೊಣಿ ಯಾರದು. ಬರೆದು ಕೊಡು ಅನ್ರಿ. ಅವನು ಬರೆದು ಕೊಡಂಗಿಲ್ಲ ಅಂತ ನನಗ ಅನಸ್ತದ.

ಮತ್ತ ದಾರಿ ಏನು? ತೂಗುಸೇತುವೆ ವಿಚಾರ ಮಾಡಬಹುದು. ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಾಗ ಪಯಸ್ವಿನಿ ಹೊಳಿಗೆ ಅರಂಬೂರಿನ್ಯಾಗ ಮೊದಲನೇದು ಕಟ್ಟಿ, ಆಮ್ಯಾಲೆ ನೂರಕ್ಕೂ ಹೆಚ್ಚು ಹಳ್ಳಿಗೆ ಕಟ್ಟಿ ಪದ್ಮಶ್ರೀ ತಗೊಂಡ್ರು. ನಡಿಯೋ ಮಂದಿಗೆ, ಸಾಲಿ ಹುಡುಗ್ರಿಗೆ, ಮಂಚದ ಮ್ಯಾಲೆ ಬಸುರಿನ ಹೊತ್ತು ಒಯ್ಯಾಕ ಅದು ಸಾಕು, ನೀರಿಗೆ ತಾಗದಂಗ ಮ್ಯಾಲೆ ಇರ್ತದ. ತಾಗಿದ್ರ ಮಾತ್ರ ಉಳಿಯಂಗಿಲ್ಲ, 2019ರ ನೆರ್ಯಾಗ ಉತ್ತರ ಕನ್ನಡದ ಗಂಗಾವಳಿ ಹೊಳಿ ತೂಗುಸೇತುವೆ ಕೊಚ್ಚಿ ಹೋತು. ಅದೇ ಆಗಸ್ಟ್‌ನ್ಯಾಗ ನಾರಾಯಣಪುರದಿಂದ ಆರು ಲಕ್ಷ ಕ್ಯೂಸೆಕ್ ಮ್ಯಾಲೆ ಬಿಟ್ಟಿದ್ರು, ನಿಮ್ಮ ಮನಿ ಗ್ವಾಡಿಗೆ ಆ ಗುರುತು ಇರಬೇಕು, ಅದಕ್ಕಿಂತ ಎತ್ತರ ಹಗ್ಗ ಕಟ್ಟೋ ಜಾಗ ಎರಡೂ ದಂಡಿಗೆ ಸಿಗ್ತದೇನು ಅನ್ನೋದರ ಮ್ಯಾಲೆ ಎಲ್ಲಾ ನಿಂತದ.

ತಗ್ಗಿನ ಸೇತುವೆ, ಅಂದ್ರ ನಿಮ್ಮ ತಾಲೂಕಿನ ಶೀಲಹಳ್ಳಿದು ಇದ್ದಂಗ, ಸಸ್ತಾ. ಹೊಳಿ ಬಂದ್ರ ಮುಳುಗ್ತದ ಅನ್ನೋದು ನಿಮಗ ನಾ ಹೇಳೋದು ಬ್ಯಾಡ, ಮತ್ತ ಮೊಣಕಾಲ ನೀರು ಅಷ್ಟೇ ಅಂತ ಅದರ ಮ್ಯಾಲೆ ಇಳಿಯೋ ಮಂದಿನ ತಡಿಯೋದು ಸೇತುವೆ ಕಟ್ಟೋದಕ್ಕಿಂತ ಕಷ್ಟ.

ನನ್ನ ಅಭಿಪ್ರಾಯ ಕೇಳಿದ್ರ, ನೀವು ಹಠ ಹಿಡಿಬೇಕಾದದ್ದು ಕಂಬದ ಎತ್ತರದ ಸೇತುವೆಗೆ. ಯಾವ ಕಲ್ಲು ಪೀಪಾಯಿಗೆ ವೈರಿನೋ, ಅದೇ ಕಲ್ಲು ಕಂಬಕ್ಕ ಗೆಳೆಯ. ಸಿಯಾಟಲ್‌ದವರಿಗೆ ಅರವತ್ತು ಮೀಟರ್ ಕೆಳಗ ರಾಡಿ ಸಿಕ್ತು, ನಿಮಗ ಬ್ಯಾಸಗ್ಯಾಗ ಕಾಲ ಕೆಳಗನ ಬುನಾದಿ ಕಾಣ್ತದ. ಹದಿನೆಂಟು ಮನಿಗೆ ಇಷ್ಟು ಖರ್ಚೇನು ಅಂತ ಕಚೇರ್ಯಾಗ ಅಂತಾರ, ಬ್ಯಾರೆ ಕಡೆ ಜಾಗ ಕೊಡ್ತೀವಿ ಬಿಟ್ಟು ಬರ್ರಿ ಅಂತಾರ. ಅದು ನಿಮ್ಮ ಹೊಲ, ನಿಮ್ಮ ನಿರ್ಧಾರ, ಅದರಾಗ ನಾ ಬಾಯಿ ಹಾಕಂಗಿಲ್ಲ. ತಡಾ ಆಗ್ತದ ಅನ್ನೋದು ಮಾತ್ರ ಖರೆ. ತುಂಗಭದ್ರಾ ದಂಡಿಯ ಆನೆಗೊಂದಿ ಮಂದಿ ಸೇತುವೆಗೆ ಎಷ್ಟು ವರ್ಷ ಕಾದ್ರು, 2009ರ ಜನವರಿಯಾಗ ಕಟ್ಟೋ ಹೊತ್ತಿನ್ಯಾಗ ಅದು ಕುಸಿದು ಕೆಲಸದವರ ಜೀವಾನೇ ಹೋತು. ಅದಕ್ಕ ಬರೀ ಸೇತುವೆ ಕೊಡ್ರಿ ಅನ್ನಬ್ಯಾಡ್ರಿ, ಮಣ್ಣು ಕಲ್ಲಿನ ಪರೀಕ್ಷಾ ಆಗ್ಯದೇನು, 2019ರ ನೀರಿನ ಮಟ್ಟ ಲೆಕ್ಕಕ್ಕ ತಗೊಂಡಾರೇನು ಅಂತ ಅರ್ಜಿಯಾಗೇ ಬರೀರಿ.

ಅಲ್ಲಿತನಕ ನವೆಂಬರ್‌ನಿಂದ ಮೇ ತನಕ ಪೀಪಾಯಿ ಸೇತುವೆ ಹಾಕಿಕೊಡ್ರಿ ಅಂತ ಜಿಲ್ಲಾಡಳಿತಕ್ಕ ಕೇಳಬಹುದು, ಕಲ್ಲಿಲ್ಲದ ಆಳದ ಮಡುವು ಎಲ್ಲಿ ಅದ ಅಂತ ತೆಪ್ಪ ಹಾಕೋ ಹಿರಿಯರಿಗೆ ಗೊತ್ತಿರ್ತದ, ಅಲ್ಲೇ ಹಾಕಬೇಕು. ಅದು ಸರ್ಕಾರದ್ದಿರಲಿ, ನಿಮ್ಮ ರೊಕ್ಕದ್ದಲ್ಲ, ಬಿಚ್ಚೋ ಆಳು, ಬಿಚ್ಚೋ ದಿನ ಬರಹದಾಗ ಇರಲಿ. ಮತ್ತ ಪೀಪಾಯಿ ಸೇತುವೆ ಕೊಟ್ಟೀವಲ್ಲ, ಮುಗೀತು ಅಂತ ಅವರು ಫೈಲ್ ಮುಚ್ಚದಂಗ ನೋಡ್ಕೊಳ್ರಿ, ಇದೊಂದು ಭಯ ನನಗ ಬಾಳ ಅದ.

ಈ ಮಳಿಗಾಲಕ್ಕ ಮಾತ್ರ ಸೇತುವೆ ಮಾತು ಬಿಡ್ರಿ. ಬಸುರಿ ಹೆಣ್ಮಕ್ಕಳು ಎಂಟು ತಿಂಗಳು ತುಂಬಿದ ಕೂಡಲೇ ದಂಡಿ ಆಚಿ ಸಂಬಂಧಿಕರ ಮನಿಗೆ ಹೋಗಲಿ, ಶುಗರ್ ಬಿಪಿ ಗುಳಗಿ ಒಂದು ತಿಂಗಳದ್ದು ಮನ್ಯಾಗ ಇರಲಿ. ತೆಪ್ಪದಾಗ ಕುಂತವರೆಲ್ಲಾ ಲೈಫ್ ಜಾಕೆಟ್ ಹಾಕಲಿ, ಈಜು ಬರ್ತದ ಅನ್ನೋರಿಗೂ ಬೇಕು, 2019ರಾಗ ಹಂಪಿ ಹತ್ರದ ವಿರೂಪಾಪುರಗಡ್ಡಿಯಾಗ ಸಿಕ್ಕೊಂಡ ಪ್ರವಾಸಿಗರನ್ನ ತರಾಕ ಹೋದ ರಕ್ಷಣಾ ತಂಡದ ದೋಣಿನೇ ಮಗುಚಿತ್ತು, ಜಾಕೆಟ್ ಹಾಕ್ಕೊಂಡೇ ಇಳಿದಿದ್ದ ಪಳಗಿದ ಮಂದಿ, ಅದಕ್ಕ ಉಳದ್ರು. ದಂಡಿ ಕಲ್ಲಿಗೆ ಬಣ್ಣದಾಗ ಮೂರು ಗೆರಿ ಎಳೀರಿ, ಯಾವ ಗೆರಿ ಮುಟ್ಟಿದ್ರ ತೆಪ್ಪ ಬಂದ್ ಅಂತ ಊರೆಲ್ಲಾ ಕೂತು ತೀರ್ಮಾನ ಮಾಡ್ರಿ. ತಹಶೀಲ್ದಾರ್ ಕಚೇರಿಯಿಂದ ನೀರು ಬಿಡೋ ಸುದ್ದಿ ಯಾರ ಫೋನಿಗೆ ಬರಬೇಕು ಅಂತ ಇಬ್ಬರ ನಂಬರ್ ಕೊಟ್ಟಿಡ್ರಿ, ಒಬ್ಬರದು ಹತ್ತಲಿಲ್ಲಾಂದ್ರ ಇನ್ನೊಬ್ಬರದು.

ಮತ್ತ ನನಗ ಇನ್ನೊಂದು ಪತ್ರ ಬರೀರಿ. ಬ್ಯಾಸಗ್ಯಾಗ ಬಾಳ ಕಿರಿದಾದ ಜಾಗದಾಗ ಹೊಳಿ ಎಷ್ಟು ಅಗಲ ಅದ ಹಗ್ಗದಿಂದ ಅಳದು ಬರೀರಿ, 2009ರದು ಮತ್ತ 2019ರದು ನೀರಿನ ಗುರುತು ಗುಡಿ ಗ್ವಾಡಿಗೋ ಬೇವಿನ ಮರಕ್ಕೋ ಎಷ್ಟು ಎತ್ತರಕ್ಕ ಅದ, ತಳದಾಗ ಕಲ್ಲೋ ಮಳಲೋ, ನಿಮ್ಮ ಕಡೆ ದಂಡಿ ಎತ್ತರನೋ ಆಚಿ ಕಡೆದೋ, ಇಷ್ಟು ತಿಳಿಸಿದ್ರ ತೂಗುಸೇತುವೆಗೆ ಜಾಗ ಹೊಂದತದೋ ಇಲ್ಲೋ ನಾ ಕೂತು ಲೆಕ್ಕ ಹಾಕಿ ಬರೀತೀನಿ. ನಿಮ್ಮ ದೊಡ್ಡಪ್ಪನವರನ್ನೂ ಕೇಳ್ರಿ, ಅವರು ಸಣ್ಣವರಿದ್ದಾಗ ಮಳಿಗಾಲದಾಗ ಯಾವ ಜಾಗದಾಗ ದಾಟ್ತಿದ್ರು ಅಂತ, ಆ ಜಾಗದ ಅಳತಿನೂ ಕಳಸ್ರಿ.